ಒಂದೇ ‘ರೆಫೋರ್ಮ’, ಊರಿಗೊಂದು ಅರ್ಥ: ಎಲ್ಲದಕ್ಕೂ ‘ಸುಧಾರಣೆ’ ಅಂತ ಬರೆದರೆ ನಡೆಯುತ್ತಾ?

ತೇಜೋದಂಡೆ (ಲಿಸ್ಬನ್)

ನಮಸ್ಕಾರ. ಒಂದು ಪದ ಎರಡು ವಾರದಿಂದ ತಲೆ ತಿನ್ನುತ್ತಿದೆ, ಇಲ್ಲಿ ಇಳಿಸಿ ಹೋಗೋಣ ಅಂತ ಬಂದೆ.

ನಮ್ಮ ಕಟ್ಟಡದ ನೆಲಮಹಡಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಮೊನ್ನೆ ಮೆಟ್ಟಿಲ ಹತ್ತಿರ ಸಿಕ್ಕಿ, “ಮುಂದಿನ ತಿಂಗಳಿಂದ ನನ್ನ ರೆಫೋರ್ಮ ಶುರು” ಅಂದರು. ನಾನು ಮನೆ ರಿಪೇರಿ ಮಾಡಿಸ್ತಿದಾರೆ ಅಂದುಕೊಂಡು “ಅಡುಗೆಮನೆಯಿಂದ ಶುರು ಮಾಡ್ತೀರಾ?” ಅಂತ ಕೇಳಿಬಿಟ್ಟೆ. ಅವರು ನಕ್ಕಿದ್ದು ಮೂರನೇ ಮಹಡಿವರೆಗೂ ಕೇಳಿಸಿತು. ಇಲ್ಲಿ ‘ರೆಫೋರ್ಮ’ ಅಂದರೆ ನಿವೃತ್ತಿ, ಆಮೇಲೆ ತಿಂಗಳು ತಿಂಗಳು ಬರುವ ಪಿಂಚಣಿಯೂ ಅದೇ. ನಿವೃತ್ತರಾದವರು ‘ರೆಫೋರ್ಮಾದು’. ನಾನು ಪೋರ್ಚುಗೀಸ್ ಕಲಿತಿದ್ದು ಬ್ರೆಜಿಲ್ ಶಿಕ್ಷಕಿಯ ಹತ್ತಿರ. ಅಲ್ಲಿ ‘ರೆಫೋರ್ಮ’ ಅಂದರೆ ಗೋಡೆ ಒಡೆದು ಟೈಲ್ಸ್ ಹಾಕಿಸೋದು. ಒಂದೇ ಭಾಷೆ, ನಡುವೆ ಒಂದು ಸಮುದ್ರ.

ಇಷ್ಟಾದರೆ ತಮಾಷೆ. ಫಜೀತಿ ಬೇರೆ ಇದೆ. ಫ್ರಾನ್ಸಿನ 2023ರ ಪಿಂಚಣಿ ಗಲಾಟೆ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಿವೃತ್ತಿ ವಯಸ್ಸನ್ನು 62ರಿಂದ 64ಕ್ಕೆ ಏರಿಸಿದರು, ಲಕ್ಷಾಂತರ ಜನ ಬೀದಿಗಿಳಿದರು, ಪ್ಯಾರಿಸ್ಸಿನಲ್ಲಿ ಕಸ ಎತ್ತುವವರು ಮುಷ್ಕರ ಹೂಡಿ ಫುಟ್‌ಪಾತ್ ತುಂಬ ಕಸದ ಗುಡ್ಡ. ಸರ್ಕಾರ ಮಾರ್ಚ್ 16ರಂದು ಸಂವಿಧಾನದ 49.3ನೇ ವಿಧಿ ಬಳಸಿ, ಕೆಳಮನೆಯಲ್ಲಿ ಮತಕ್ಕೆ ಹಾಕದೆಯೇ ಅದನ್ನು ದಾಟಿಸಿತು. ಇದನ್ನು ಬೆಂಬಲಿಸಿದವರೂ ‘ರೆಫೋರ್ಮ್’ ಅಂತಲೇ ಕರೆದರು, ವಿರೋಧಿಸಿದವರೂ ‘ರೆಫೋರ್ಮ್ ವಾಪಸ್ ತಗೊಳ್ಳಿ’ ಅಂತಲೇ ಕೂಗಿದರು. ನಾನು ‘ಪಿಂಚಣಿ ಸುಧಾರಣೆ’ ಅಂತ ಬರೆದೆ. ಎರಡನೇ ಸಲ ಓದಿದಾಗ ಇರಿಸುಮುರಿಸಾಯ್ತು. “ಪಿಂಚಣಿ ಸುಧಾರಣೆಯನ್ನು ವಿರೋಧಿಸಿ ಕಾರ್ಮಿಕರ ಪ್ರತಿಭಟನೆ” ಅಂದರೆ, ಒಳ್ಳೇದು ಮಾಡಿದರೂ ಬೇಡ ಅನ್ನೋ ಮೂರ್ಖರು ಇವರು ಅಂತ ಓದಿಸಿಕೊಳ್ಳುತ್ತೆ. ಸರ್ಕಾರದ ಪರ ತೀರ್ಪು ನಾನೇ ಕೊಟ್ಟ ಹಾಗಾಯ್ತು.

‘ರಿ’ ಅಂದರೆ ಮರಳಿ, ‘ಫಾರ್ಮ್’ ಅಂದರೆ ಆಕಾರ. ಮರಳಿ ಆಕಾರ ಕೊಡೋದು, ಅಷ್ಟೇ. ಒಳ್ಳೆಯ ಆಕಾರವೋ ಕೆಟ್ಟದ್ದೋ ಪದ ಬಾಯಿ ಬಿಡೋದಿಲ್ಲ. ನಮ್ಮ ‘ಸುಧಾರಣೆ’ ಬಾಯಿ ಬಿಡುತ್ತೆ. ನೀವೆಲ್ಲ ಏನು ಬರೀತೀರಿ?

ಸಾಲುಮರ

ಮೇಡಂ, ಬೆಂಗಳೂರಲ್ಲಿ ‘ರಸ್ತೆ ಸುಧಾರಣಾ ಕಾಮಗಾರಿ’ ಅಂತ ಬೋರ್ಡ್ ಕಂಡ್ರೆ ನಾವು ಬೇರೆ ದಾರಿ ಹಿಡಿತೀವಿ. ಆ ಪದದ ಅರ್ಥ ನಮಗೆ ಯಾವತ್ತೋ ಬದಲಾಗಿದೆ, ನೀವು ಚಿಂತೆ ಬಿಡಿ.

ಗೋವೈದ್ಯ

ಸಾಲುಮರ ಅವರ ಮಾತಿಗೆ ನಗು ಬಂತು. ನಾನು ಹಾಸನದ ಕಡೆ ಪಶುವೈದ್ಯನಾಗಿದ್ದವನು. ಕೆಲವು ವರ್ಷದ ಹಿಂದೆ ಫ್ರಾನ್ಸಿನ ಬ್ರಿಟನಿಯಲ್ಲಿ ಹೈನು ಸಾಕಣೆ ನೋಡೋಕೆ ಹೋಗಿದ್ದೆ. ಒಂದು ಫಾರಂನಲ್ಲಿ ಹದಿನೈದಿಪ್ಪತ್ತು ಹಸು ಬೇರೆ ಕಟ್ಟಿದ್ದರು. ಇವು ಯಾಕೆ ಬೇರೆ ಅಂತ ಕೇಳಿದ್ದಕ್ಕೆ “ವಾಶ್ ದ ರೆಫೋರ್ಮ್” ಅಂದ ಯಜಮಾನ. ಜೊತೆಗಿದ್ದ ದುಭಾಷಿ ಹುಡುಗಿ ಪಾಪ, “ಸರ್, ಇವು ಸುಧಾರಿಸಿದ ಹಸುಗಳು” ಅಂದಳು. ತಳಿ ಸುಧಾರಣೆ ಇರಬೇಕು ಅಂತ ನಾನು ನೋಟ್‌ಬುಕ್ ತೆಗೆದು ಎತ್ತರ, ಕೆಚ್ಚಲು ಎಲ್ಲ ಬರ್ಕೊಂಡೆ. ಹಾಲು ಎಷ್ಟು ಕೊಡುತ್ತೆ ಅಂದರೆ ಆತ ವಿಚಿತ್ರವಾಗಿ ನೋಡಿದ.

ಅವು ಹಾಲು ಬತ್ತಿದ, ಗರ್ಭ ನಿಲ್ಲದ ಹಸುಗಳು. ಹಿಂಡಿನಿಂದ ತೆಗೆದು ಕಸಾಯಿಖಾನೆಗೆ ಕಳಿಸೋಕೆ ಆರಿಸಿಟ್ಟವು. ಫ್ರೆಂಚ್ ರೈತನಿಗೆ ಹಸುವನ್ನು ‘ರೆಫೋರ್ಮೆ’ ಮಾಡೋದು ಅಂದರೆ ಲೆಕ್ಕದಿಂದ ತೆಗೆದುಹಾಕೋದು. ಮಾತು ಸೈನ್ಯದಿಂದ ಬಂದಿದ್ದಂತೆ. ಕುಂಟು ಬಿದ್ದ ಕುದುರೆಯನ್ನು ದಳದಿಂದ ತೆಗೆದರೂ ಅದೇ ಪದ. ಕಡ್ಡಾಯ ಸೇನಾಸೇವೆಗೆ ಕರೆದಾಗ ಚಪ್ಪಟೆ ಪಾದ, ಕೆಟ್ಟ ಕಣ್ಣು ಅಂತ ವಾಪಸ್ ಕಳಿಸಿದ ಹುಡುಗನೂ ‘ರೆಫೋರ್ಮೆ’.

ನಮ್ಮಲ್ಲಿ ಇದಕ್ಕೆ ಗೊಡ್ಡು ಅಂತೀವಿ. ಸುಧಾರಣೆ ಅನ್ನೋಲ್ಲ.

ತೇಜೋದಂಡೆ (ಲಿಸ್ಬನ್)

ಡಾಕ್ಟ್ರೇ, ಈಗ ನೆಲಮಹಡಿ ಅಜ್ಜಿಯ ನಿವೃತ್ತಿ ಪದ ಎಲ್ಲಿಂದ ಬಂತು ಅಂತ ಗೊತ್ತಾಯ್ತು! ಇಲ್ಲಿಯೂ ಸೈನ್ಯದ ಅಧಿಕಾರಿಗಳನ್ನು ಸೇವೆಯಿಂದ ಬಿಡಿಸೋದಕ್ಕೆ ‘ರೆಫೋರ್ಮ’ ಅಂತಿದ್ದರು, ಅದೇ ಆಮೇಲೆ ಎಲ್ಲರ ನಿವೃತ್ತಿಗೂ ಹರಡಿತು. ಬ್ರೆಜಿಲ್‌ನಲ್ಲಿ ಇವತ್ತಿಗೂ ಸೈನಿಕರಿಗೆ ಮಾತ್ರ ಆ ಅರ್ಥ ಉಳಿದಿದೆ, ಬೇರೆಯವರ ನಿವೃತ್ತಿಗೆ ಬೇರೆ ಪದ. ಹಸುವಿನ ಕತೆ ಅಜ್ಜಿಗೆ ಹೇಳಬೇಕೋ ಬೇಡವೋ ಯೋಚಿಸ್ತಿದ್ದೇನೆ.

ಬರಗು_ನವಣೆ (ಹ್ಯಾಂಬುರ್ಗ್)

ಜರ್ಮನಿಯ ಕಡೆಯಿಂದ ನನ್ನದೂ ಒಂದಿಷ್ಟು.

ಬಂದ ಹೊಸತರಲ್ಲಿ ‘ರೆಫೋರ್ಮ್‌ಹೌಸ್’ ಅಂತ ಒಂದು ಅಂಗಡಿ ಕಂಡು, ಯಾವುದೋ ಚರ್ಚಿನ ಕಚೇರಿ ಅಂತ ಆರು ತಿಂಗಳು ಒಳಗೇ ಹೋಗಿರಲಿಲ್ಲ. ಒಂದು ದಿನ ಮಳೆಗೆ ಒಳಗೆ ನುಗ್ಗಿದರೆ ಕಪಾಟಿನಲ್ಲಿ ಬರಗು! ಬೇಳೆ, ಎಣ್ಣೆ, ಗಿಡಮೂಲಿಕೆ ಟೀ, ಮೈಗೆ ಹಚ್ಚೋ ಮುಲಾಮು. 19ನೇ ಶತಮಾನದ ಕೊನೆಯಲ್ಲಿ ಇಲ್ಲಿ ‘ಲೇಬೆನ್ಸ್‌ರೆಫೋರ್ಮ್’ ಅಂತ ಒಂದು ಚಳವಳಿ ಎದ್ದಿತ್ತು. ಕಾರ್ಖಾನೆ ಹೊಗೆ, ಬಿಳಿ ಬ್ರೆಡ್ಡು, ಹೆಂಡ ಎಲ್ಲ ಬಿಟ್ಟು ಬದುಕನ್ನೇ ಮತ್ತೆ ರೂಪಿಸೋಣ ಅನ್ನೋರು. ಸಸ್ಯಾಹಾರ, ಬಿಸಿಲಿಗೆ ಮೈಯೊಡ್ಡೋದು, ಬರಿಗಾಲ ನಡಿಗೆ. ಆ ಚಳವಳಿ ಕರಗಿ ಅಂಗಡಿ ಉಳಿಯಿತು. ಹಾಗಾಗಿ ನನ್ನ ಪಾಲಿಗೆ ರೆಫೋರ್ಮ್ ಅಂದರೆ ಉಪ್ಪಿಟ್ಟಿಗೆ ಬೇಕಾದ ಸಾಮಾನು ಸಿಗೋ ಜಾಗ.

ಚಳವಳಿಯವರು ಹೆಂಗಸರ ಬಟ್ಟೆಗೂ ಕೈ ಹಾಕಿದ್ದರು. ಉಸಿರು ಕಟ್ಟುವ ಕಾರ್ಸೆಟ್ ಬೇಡ, ಸಡಿಲ ಉಡುಪು ಬೇಕು ಅಂತ. ಅದರ ಬಾಲ ಎಲ್ಲಿಗೆ ಮುಟ್ಟಿದೆ ಗೊತ್ತಾ? ನನ್ನ ಅತ್ತೆ (ಹೆಂಡತಿಯ ತಾಯಿ) ಪೋಲೆಂಡಿನವರು. ಚಳಿಗಾಲದಲ್ಲಿ ಒಮ್ಮೆ ಅವರ ಮನೆಯಲ್ಲಿ ಟಿವಿ ಸುದ್ದಿ ನಡೀತಿತ್ತು, ಯಾವುದೋ ಮಂತ್ರಿ ‘ರೆಫೋರ್ಮಿ, ರೆಫೋರ್ಮಿ’ ಅಂತಿದ್ದ. ಅತ್ತೆ ಒಗೆದ ಬಟ್ಟೆಯ ಬುಟ್ಟಿಯಿಂದ ಮೊಣಕಾಲುದ್ದದ ಒಂದು ದಪ್ಪ ಒಳಚಡ್ಡಿ ಎತ್ತಿ ಟಿವಿ ಮುಂದೆ ಹಿಡಿದು, “ಇದೂ ರೆಫೋರ್ಮಿಯೇ, ಇದಾದರೂ ಬೆಚ್ಚಗಿಡುತ್ತೆ” ಅಂದರು. ಪೋಲಿಷ್‌ನಲ್ಲಿ ಅಜ್ಜಿಯಂದಿರ ಆ ಚಡ್ಡಿಗೆ ಹೆಸರೇ ‘ರೆಫೋರ್ಮಿ’. ಅಳಿಯ ಅಂತ ನಾನು ನಗೋದೋ ಬಿಡೋದೋ ಗೊತ್ತಾಗದೆ ಚಹಾ ಕುಡಿದೆ.

ಸಾಲುಮರ

ಅತ್ತೆಯವರನ್ನ ಈ ವೇದಿಕೆಗೆ ಸೇರಿಸಿ ಸ್ವಾಮಿ.

ಧಾರವಾಡದಾಕಿ

ತಂಗಿ, ನಾ ಮೂವತ್ತು ವರ್ಷ ಇತಿಹಾಸ ಕಲಿಸಿದಾಕಿ. ನೀ ಹೇಳಿದ್ದು ಖರೆ ಅದ, ಆದ್ರ ಅರ್ಧ ಖರೆ. ‘ರಿ’ ಅಂದ್ರ ಮರಳಿ ಅಂದಿ. ಮರಳಿ ಎಲ್ಲಿಗೆ ಅಂತ ಕೇಳಿದ್ದಿ ಏನು?

ಮಧ್ಯಯುಗದಾಗ ‘ರೆಫೋರ್ಮಾಸಿಯೊ’ ಅಂದ್ರ ಮುಂದ ಹೋಗೂದಲ್ಲ, ಹಿಂದಕ್ಕ ಹೋಗೂದು. ಒಂದು ಮಠ ಹದಗೆಟ್ಟದ, ಸನ್ಯಾಸಿಗಳು ಆಸ್ತಿ ಮಾಡ್ಕೊಂಡು ಕೂತಾರ, ಪ್ರಾರ್ಥನಾ ತಪ್ಪಸ್ತಾರ. ಅದನ್ನ ಮೊದಲಿನ ನೇಮಕ್ಕ ತರೂದು, ಅದು ರೆಫೋರ್ಮಾಸಿಯೊ. ಕೆಡೂಕಿಂತ ಮೊದಲ ಹ್ಯಾಂಗಿತ್ತೋ ಹಂಗ ಮಾಡೂದು. ನಮ್ಮ ಭಾಷಾದಾಗ ಇದಕ್ಕ ಹತ್ತರದ ಪದ ಸುಧಾರಣೆ ಅಲ್ಲ, ಜೀರ್ಣೋದ್ಧಾರ. ಗುಡಿ ಬಿದ್ದಾಗ ನಾವು ಹೊಸ ದೇವರನ್ನ ತರೂದಿಲ್ಲ. ಇದ್ದ ದೇವರಿಗೇ ಮತ್ತ ಗೋಡಿ ಕಟ್ಟತೀವಿ.

1414ರಿಂದ 1418ರ ತನಕ ಕಾನ್‌ಸ್ಟಾನ್ಸ್ ಊರಾಗ ಚರ್ಚಿನ ದೊಡ್ಡ ಸಭಾ ನಡೀತು. ಒಂದ ಕಾಲಕ್ಕ ಮೂರು ಮಂದಿ ತಾವೇ ಪೋಪ್ ಅಂತ ಕೂತಿದ್ರು, ಅದನ್ನ ಬಗೆಹರಸಬೇಕಿತ್ತು. ಆವಾಗಿನ ಘೋಷಣಾ ಅಂದ್ರ ‘ತಲೀಯೊಳಗೂ ಅವಯವದೊಳಗೂ ರೆಫೋರ್ಮಾಸಿಯೊ ಆಗಬೇಕು’. ತಲಿ ಅಂದ್ರ ಪೋಪ್, ಅವಯವ ಅಂದ್ರ ಉಳಿದವರು. ಆ ಸಭಾದವರೇ 1415ರ ಜುಲೈ 6ಕ್ಕ ಪ್ರಾಗಿನ ಧರ್ಮಬೋಧಕ ಯಾನ್ ಹುಸ್‌ನನ್ನ ಸುಟ್ಟರು. ಆಂವಾ ಕೇಳಿದ್ದೂ ರೆಫೋರ್ಮಾಸಿಯೊನೇ! ಕ್ಷೇಮವಾಗಿ ಬಂದು ಹೋಗು ಅಂತ ಸಿಗಿಸ್‌ಮುಂಡ್ ರಾಜಾ ಅಭಯಪತ್ರ ಕೊಟ್ಟಿದ್ದ ಬ್ಯಾರೆ. ಪದ ಒಂದ, ಯಾರು ಯಾರನ್ನ ತಿದ್ದಬೇಕು ಅನ್ನೂದರಾಗ ಜೀವ ಹೋತು.

ನೂರು ವರ್ಷ ಆದಮ್ಯಾಲೆ 1517ಕ್ಕ ಜರ್ಮನಿಯ ಪಾದ್ರಿ ಲೂಥರ್ ಬಂದ. ಆಂವಾ ಕೂಡ ಹೊಸ ಧರ್ಮ ಕಟ್ಟತೀನಿ ಅನ್ನಲಿಲ್ಲ, ಹಳೇ ಗ್ರಂಥಕ್ಕ ಹೋಗೋಣು ಅಂದ. ನಮ್ಮ ಪಠ್ಯಪುಸ್ತಕದಾಗ ‘ಮತಸುಧಾರಣೆ’ ಅಂತ ಬರದೀವಿ, ಹುಡುಗರು ಅದನ್ನ ಹೊಸದು ಅಂತ ತಿಳ್ಕೊಂಡಾರ. ನಾನೂ ಹಂಗ ಕಲಿಸೀನಿ, ತಪ್ಪು ನಂದೂ ಅದ.

ಬರಗು_ನವಣೆ (ಹ್ಯಾಂಬುರ್ಗ್)

ಅಮ್ಮ, ಜರ್ಮನ್‌ನವರು ಇದನ್ನು ಜಾಣತನದಿಂದ ಬೇರೆ ಮಾಡಿಟ್ಟಿದ್ದಾರೆ. ಲೂಥರನದು ‘ರೆಫೋರ್ಮಾತ್ಸಿಯೋನ್’, ಮಂತ್ರಿಯದು ‘ರೆಫೋರ್ಮ್’. ಲೂಥರನದರ ನೆನಪಿಗೆ ಹ್ಯಾಂಬುರ್ಗಿನಲ್ಲಿ ಅಕ್ಟೋಬರ್ 31 ಈಗ ರಜೆ, 2018ರಿಂದ. ಇಟಲಿ, ಸ್ಪೇನಿನವರಿಗೆ ಎರಡಕ್ಕೂ ಒಂದೇ ಪದ, ದೊಡ್ಡಕ್ಷರ ಚಿಕ್ಕಕ್ಷರದಲ್ಲಿ ಸಂಭಾಳಿಸ್ತಾರೆ. ನಮ್ಮ ಲಿಪಿಯಲ್ಲಿ ಆ ಸೌಲಭ್ಯವೂ ಇಲ್ಲ.

ಫ್ರಾನ್ಸಿನ ಮಾರ್ಸೇಯಲ್ಲಿ ಇನ್ನೊಂದು ಗಮ್ಮತ್ತು. ಮೆಟ್ರೋ ನಿಲ್ದಾಣಕ್ಕೆ ‘ರೆಫೋರ್ಮೆ’ ಅಂತ ಹೆಸರು, ಎದುರಿಗೆ ಎರಡು ಗೋಪುರದ ಚರ್ಚು. ಪ್ರಾಟೆಸ್ಟೆಂಟರದ್ದು ಅಂತ ನೂರಕ್ಕೆ ನೂರು ಜನ ಅಂದುಕೊಳ್ತಾರೆ. ಅದು ಅಪ್ಪಟ ಕ್ಯಾಥೊಲಿಕ್! ಹಿಂದೆ ಅಲ್ಲಿದ್ದದ್ದು ನೇಮ ಬಿಗಿಮಾಡಿಕೊಂಡ ಅಗಸ್ಟೀನ್ ಪಂಥದ ಸನ್ಯಾಸಿಗಳ ಮಠ, ಅವರನ್ನ ‘ರೆಫೋರ್ಮೆ’ ಅಂತಿದ್ದರು. ನೀವು ಹೇಳಿದ ಜೀರ್ಣೋದ್ಧಾರದ ಅರ್ಥವೇ.

ನಿಷ್ಠುರ

ಎಲ್ಲ ಸ್ವಾರಸ್ಯವಾಗಿದೆ, ಆದರೆ ಮೂಲ ವಾದ ನನಗೆ ಒಪ್ಪಿಗೆಯಿಲ್ಲ. ಯುರೋಪಿನವರ ಪದ ತಟಸ್ಥ, ನಮ್ಮದು ಪಕ್ಷಪಾತಿ ಅನ್ನೋದು ನಿಘಂಟು ನೋಡಿ ಕಟ್ಟಿದ ಮಾತು. ಎಸ್ಟೋನಿಯಾದಲ್ಲಿ 1994ರಲ್ಲಿ ಪಕ್ಷ ಕಟ್ಟಿದವರು ‘ರೆಫೋರ್ಮ್ ಪಕ್ಷ’ ಅಂತ ಹೆಸರಿಟ್ಟರು. ‘ಮರಳಿ ಆಕಾರ ಕೊಡುವ ಪಕ್ಷ’ ಅಂತ ಮತ ಕೇಳೋಕೆ ಇಟ್ಟರಾ? ಆ ಪದಕ್ಕೆ ಹೊಳಪಿದೆ ಅಂತಲೇ ಇಟ್ಟದ್ದು. ಇಂಗ್ಲಿಷಿನಲ್ಲಿ ಕುಡಿತ ಬಿಟ್ಟವನು ‘ರಿಫಾರ್ಮ್ಡ್’. ‘ಸುಧಾರಣೆ’ಯಲ್ಲಿ ಒಳ್ಳೇದು ಅಂತ ಕೇಳಿಸೋ ‘ಸು’ ಅಲ್ಲೂ ಇದೆ, ಕಣ್ಣಿಗೆ ಕಾಣಲ್ಲ ಅಷ್ಟೆ.

ಎರಡನೆಯದು, ರಿಫಾರ್ಮ್ ಅಂದ ತಕ್ಷಣ ಬಡವನ ಹೊಟ್ಟೆ ಮೇಲೆ ಹೊಡೆಯೋದು ಅನ್ನೋ ಧಾಟಿ ಇಲ್ಲಿ ಬರ್ತಿದೆ. ಬ್ರಿಟನ್ನಿನಲ್ಲಿ 1832ಕ್ಕೆ ಮೊದಲು ಓಲ್ಡ್ ಸಾರಂ ಅನ್ನೋ ಖಾಲಿ ದಿಬ್ಬಕ್ಕೆ ಇಬ್ಬರು ಎಂಪಿಗಳು, ಮ್ಯಾಂಚೆಸ್ಟರ್ ಅನ್ನೋ ದೊಡ್ಡ ಊರಿಗೆ ಒಬ್ಬನೂ ಇರಲಿಲ್ಲ. ಅದನ್ನ ಸರಿಮಾಡಿದ್ದು ರಿಫಾರ್ಮ್ ಆಕ್ಟ್. ಪೋಲೆಂಡಿನಲ್ಲಿ 1989ರ ಅಕ್ಟೋಬರ್ ಒಂದೇ ತಿಂಗಳಲ್ಲಿ ಬೆಲೆಗಳು ಅರ್ಧಕ್ಕರ್ಧ ಏರಿದ್ದವು. 1990ರ ಜನವರಿ 1ರಿಂದ ಹಣಕಾಸು ಮಂತ್ರಿ ಬಾಲ್ಸೆರೋವಿಚ್‌ನ ಆರ್ಥಿಕ ರಿಫಾರ್ಮ್ ಯೋಜನೆ ಬಂತು, ಅಂಗಡಿಯಲ್ಲಿ ಸಾಮಾನು ಕಂಡಿತು. ಅತ್ತೆಯವರ ಚಡ್ಡಿಗಿಂತ ಅದೂ ಕಡಿಮೆ ಬೆಚ್ಚಗಿಡಲಿಲ್ಲ.

ಬರಗು_ನವಣೆ (ಹ್ಯಾಂಬುರ್ಗ್)

ನಿಷ್ಠುರ ಅವರೇ, ಸಾಮಾನು ಕಂಡಿತು ನಿಜ. 1993ರ ಕೊನೆಗೆ ಕೆಲಸವಿಲ್ಲದವರು ನೂರಕ್ಕೆ ಹದಿನಾರು ದಾಟಿದ್ದರು, ಅದಕ್ಕೆ ಮೊದಲು ನಿರುದ್ಯೋಗ ಅನ್ನೋ ಪದವೇ ಅಲ್ಲಿ ಬಳಕೆಯಲ್ಲಿರಲಿಲ್ಲ. ಸರ್ಕಾರಿ ಕೃಷಿ ಫಾರಂಗಳಲ್ಲಿ ದುಡಿದವರು ಒಂದೇ ಏಟಿಗೆ ಬೀದಿಗೆ ಬಿದ್ದರು. ಅತ್ತೆಯ ತಮ್ಮ ಅವರಲ್ಲೊಬ್ಬ. ಅವರ ಮನೆಯಲ್ಲಿ ಒಬ್ಬಳು ಅಕ್ಕ ರೆಫೋರ್ಮದಿಂದ ಅಂಗಡಿ ಇಟ್ಟಳು, ಒಬ್ಬ ತಮ್ಮ ರೆಫೋರ್ಮದಿಂದ ಕುಡಿತ ಕಲಿತ. ಒಂದೇ ಊಟದ ಮೇಜಿಗೆ ಕೂತು ಇಬ್ಬರೂ ಅದೇ ಪದ ಆಡ್ತಾರೆ, ಜಗಳಾನೂ ಆಡ್ತಾರೆ. ಕನ್ನಡದಲ್ಲಿ ‘ಸುಧಾರಣೆ’ ಅಂದುಬಿಟ್ಟರೆ ತಮ್ಮನಿಗೆ ಆಡೋಕೆ ಪದವೇ ಇರಲ್ಲ. ಅಷ್ಟೇ ನನ್ನ ತಕರಾರು.

ಆದರೆ ಹೊಳಪಿನ ಮಾತು ಒಪ್ಪಿದೆ. ಆ ಹೊಳಪು ಅಳಿಸಿಹೋಗೋದನ್ನೂ ಇಲ್ಲಿ ನೋಡಿದ್ದೇನೆ. 1997ರಲ್ಲಿ ಜರ್ಮನಿಯ ವರ್ಷದ ಪದ ‘ರೆಫೋರ್ಮ್‌ಸ್ಟೌ’, ಅಂದರೆ ರಿಫಾರ್ಮ್‌ಗಳ ಟ್ರಾಫಿಕ್ ಜಾಮ್. ಆವಾಗ ಬೇಕು ಬೇಕು ಅಂದರು. 2005ರಲ್ಲಿ ನಿರುದ್ಯೋಗ ಭತ್ಯೆ ಕತ್ತರಿಸಿದ ಹಾರ್ಟ್ಸ್ ರಿಫಾರ್ಮ್ ಪೂರ್ತಿ ಜಾರಿಗೆ ಬಂತು. ನಾಲ್ಕು ವರ್ಷಕ್ಕೆ ‘ಹಾರ್ಟ್‌ಸೆನ್’ ಅನ್ನೋದು ಯುವಜನರ ವರ್ಷದ ಪದ. ಅರ್ಥ, ಭತ್ಯೆ ತಿಂದುಕೊಂಡು ಸುಮ್ಮನೆ ಕೂರೋದು. ಹಾರ್ಟ್ಸ್ ಅನ್ನೋದು ಕಾರ್ ಕಂಪನಿಯೊಂದರ ಸಿಬ್ಬಂದಿ ವಿಭಾಗದ ಮುಖ್ಯಸ್ಥನ ಹೆಸರು. ಮನುಷ್ಯ ಕ್ರಿಯಾಪದವಾದ.

ವೋಲ್ಗಾ_ಡಾಕ್ಟ್ರು

ದಾವಣಗೆರೆಯಿಂದ. ನಾನು ಎಂಬಿಬಿಎಸ್ ಮಾಡಿದ್ದು ಸೋವಿಯತ್ ಒಕ್ಕೂಟದಲ್ಲಿ, 1988ರಲ್ಲಿ ಹೋದವನು. ಹೋದಾಗ ದೇಶ ಒಂದು, ಮುಗಿಸಿ ಬರುವಾಗ ಇನ್ನೊಂದು.

1991ರ ಜನವರಿ 22, ರಾತ್ರಿ ಒಂಬತ್ತರ ಸುದ್ದಿ. 50 ಮತ್ತು 100 ರೂಬಲ್‌ನ ಹಳೆಯ ನೋಟು ಇನ್ನು ನಡೆಯೋಲ್ಲ, ಬದಲಾಯಿಸೋಕೆ ಮೂರು ದಿನ, ತಲೆಗೆ ಸಾವಿರ ರೂಬಲ್‌ವರೆಗೆ ಮಾತ್ರ. ಬ್ಯಾಂಕು, ಅಂಗಡಿ ಎಲ್ಲ ಮುಚ್ಚಿತ್ತು. ನಮ್ಮ ಹಾಸ್ಟೆಲ್ಲಿನ ಬಾಗಿಲು ಕಾಯುವ ಅಜ್ಜಿ ಕುರ್ಚಿಯಿಂದ ಎದ್ದವರು “ಒಪ್ಯಾತ್ ರಿಫೋರ್ಮ” ಅಂದರು, ‘ಮತ್ತೆ ರಿಫೋರ್ಮ’ ಅಂತ. ಅವರ ಲೆಕ್ಕದಲ್ಲಿ ಇದು ಮೂರನೆಯದು: 1947ರಲ್ಲಿ ಒಮ್ಮೆ ಕೈಯಲ್ಲಿದ್ದ ಹತ್ತು ಒಂದಾಗಿತ್ತು, 1961ರಲ್ಲಿ ಸೊನ್ನೆ ಕಿತ್ತಿದ್ದರು, ಈಗ ಇದು. ಅವರ ಬಾಯಲ್ಲಿ ಆ ಪದಕ್ಕೆ ‘ಸು’ ಇತ್ತಾ ನಿಷ್ಠುರ ಸರ್? ಬರಸಿಡಿಲು ಅನ್ನೋ ಅರ್ಥ ಇತ್ತು. 2016ರ ನವೆಂಬರ್ 8ರ ರಾತ್ರಿ ಟಿವಿ ನೋಡುವಾಗ ನನಗೆ ಮೊದಲು ನೆನಪಾದದ್ದು ಆ ಅಜ್ಜಿ.

ಆದರೂ ಇನ್ನೊಂದು ಮಾತು ಹೇಳಬೇಕು. ಅದೇ ರಷ್ಯನ್ನರಿಗೆ 1861 ಕೂಡ ‘ರಿಫೋರ್ಮ’. ಎರಡನೇ ಅಲೆಕ್ಸಾಂಡರ್ ಜೀತದ ರೈತರನ್ನು ಬಿಡಿಸಿದ್ದು. ಎರಡು ಕೋಟಿಗೂ ಹೆಚ್ಚು ಜನ ಒಂದು ಸಹಿಯಿಂದ ಯಾರ ಸೊತ್ತೂ ಅಲ್ಲದಾದರು. ಇತಿಹಾಸವನ್ನೇ ‘ರಿಫೋರ್ಮಕ್ಕೆ ಮೊದಲು, ರಿಫೋರ್ಮದ ಮೇಲೆ’ ಅಂತ ಭಾಗ ಮಾಡ್ತಾರೆ, ವಿವರಣೆ ಬೇಕಿಲ್ಲ, ಯಾವ ರಿಫೋರ್ಮ ಅಂತ ಎಲ್ಲರಿಗೂ ಗೊತ್ತು. ಬಿಡುಗಡೆ ಸಿಕ್ಕಿತು, ಜಮೀನು ಪುಕ್ಕಟೆ ಸಿಗಲಿಲ್ಲ. 49 ವರ್ಷದ ಕಂತು! ಅಪ್ಪ ಬಿಡುಗಡೆಯಾದ, ಮೊಮ್ಮಗ ದುಡ್ಡು ಕಟ್ಟಿದ. 1907ರಲ್ಲಿ ಆ ಕಂತು ರದ್ದಾಯಿತು, ಅದೂ 1905ರ ದಂಗೆ ಆದ ಮೇಲೆ.

ಕುಡ್ಲ_ಮಾಷ್ಟ್ರು

ಡಾಕ್ಟ್ರು ಹೇಳಿದ ಕಂತಿನ ವಿಷಯ ಓದಿ ನನಗೆ ನಮ್ಮೂರು ನೆನಪಾಯ್ತು ಮಾರಾಯ್ರೆ. ಕಾಗದದಲ್ಲಿ ಅದು ‘ಭೂಸುಧಾರಣಾ ಕಾಯ್ದೆ, 1961’. ಅರಸು ಅವರ ಕಾಲದಲ್ಲಿ 1974ರ ತಿದ್ದುಪಡಿ ಬಂದ ಮೇಲೆ ಅದಕ್ಕೆ ಹಲ್ಲು ಬಂತು. ಆದರೆ ನಮ್ಮಲ್ಲಿ ಒಬ್ಬನಾದರೂ ‘ಸುಧಾರಣೆ ಆಯ್ತು’ ಹೇಳಿದ್ದುಂಟಾ? ಇಲ್ಲ. ‘ಭೂಮಸೂದೆ ಬಂತು’ ಹೇಳಿದ್ದು. ‘ಡಿಕ್ಲರೇಶನ್ ಕೊಟ್ಟೆವು’ ಹೇಳಿದ್ದು. ನನ್ನ ತಂದೆ ಗೇಣಿ ಒಕ್ಕಲು, ವರ್ಷಕ್ಕೆ ಇಂತಿಷ್ಟು ಮುಡಿ ಅಕ್ಕಿ ಧಣಿಗಳ ಮನೆಗೆ ಹೊತ್ತು ಹಾಕ್ತಿದ್ದರು. ಡಿಕ್ಲರೇಶನ್ ಕೊಟ್ಟು, ಭೂನ್ಯಾಯಮಂಡಳಿಯ ಎದುರು ನಿಂತು ನಡುಗಿದ್ದನ್ನು ಸಾಯುವವರೆಗೆ ಹೇಳ್ತಿದ್ದರು. ಧಣಿಗಳ ಮನೆಯವರೂ ‘ಭೂಮಸೂದೆಯಲ್ಲಿ ಹೋಯ್ತು’ ಅಂತಲೇ ಹೇಳುದು. ಇಬ್ಬರಿಗೂ ಒಂದೇ ಪದ, ಒಬ್ಬರಿಗೆ ಬಂತು, ಇನ್ನೊಬ್ಬರಿಗೆ ಹೋಯ್ತು. ಆ ಮೇಡಂ ಹುಡುಕುವ ತಟಸ್ಥ ಪದ ನಮ್ಮ ಊರಿನವರ ಬಾಯಲ್ಲಿ ಮೊದಲೇ ಉಂಟು ಅಂತ ನನಗೆ ಕಾಣ್ತದೆ. ಸುಧಾರಣೆ ಕಚೇರಿಯ ಪದ.

ಮತ್ತೆ, ನಿಜವಾದ ‘ರಿಫಾರ್ಮೇಶನ್’ ನಮ್ಮ ಬಂದರಿಗೆ ಹಡಗಿನಲ್ಲಿ ಬಂದದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಿಂದ, 1834ರಲ್ಲಿ. 1529ರಲ್ಲೇ ಪ್ರಾಟೆಸ್ಟೆಂಟ್ ಆದ ಊರು ಅದು. ಅವರನ್ನೂ ನಾವು ‘ಬಾಸೆಲ್ ಮಿಶನಿನವರು’ ಹೇಳಿದ್ದು, ಸುಧಾರಕರು ಹೇಳಲಿಲ್ಲ. ಅವರ ಹಂಚು ಸುಮಾರು ಹಳೇ ಮನೆಯ ಮೇಲೆ ಈಗಲೂ ಉಂಟು.

ತೇಜೋದಂಡೆ (ಲಿಸ್ಬನ್)

ಮಾಷ್ಟ್ರೇ, ನೀವು ಗೇಣಿ ಕತೆ ಹೇಳಿದ್ದಕ್ಕೆ ನೆಲಮಹಡಿ ಅಜ್ಜಿಯ ಹತ್ತಿರ ಮತ್ತೆ ಮಾತಾಡಿದೆ. ಅವರ ಅಪ್ಪ ಅಲೆಂತೇಜು ಪ್ರಾಂತ್ಯದಲ್ಲಿ ದೊಡ್ಡ ಜಮೀನುದಾರರ ಹೊಲದಲ್ಲಿ ದಿನಗೂಲಿ. 1974ರ ಏಪ್ರಿಲ್ 25ರಂದು ಸರ್ವಾಧಿಕಾರ ಉರುಳಿತು, ಮರುವರ್ಷ ಕೂಲಿಗಳು ಹೊಲಗಳಿಗೆ ನುಗ್ಗಿ ಸಹಕಾರಿ ಬೇಸಾಯ ಶುರು ಮಾಡಿದರು. ಅದು ಇವರ ‘ರೆಫೋರ್ಮ ಅಗ್ರಾರಿಯ’. ಅಜ್ಜಿಗೆ ಆಗ ಹದಿನೇಳು, ಟ್ರ್ಯಾಕ್ಟರ್ ಮೇಲೆ ಕೂತು ಹಾಡಿದ್ದರಂತೆ. 1977ರಲ್ಲಿ ಕಾನೂನು ತಿರುಗಿತು, ಜಮೀನು ಸ್ವಲ್ಪಸ್ವಲ್ಪವಾಗಿ ಹಳೇ ಧಣಿಗಳ ಕೈ ಸೇರಿತು. ಅಜ್ಜಿ ಪ್ಯಾರಿಸ್ಸಿಗೆ ಹೋಗಿ ಇಪ್ಪತ್ತು ವರ್ಷ ಬೇರೆಯವರ ಕಟ್ಟಡದ ಮೆಟ್ಟಿಲು ಒರೆಸಿದರು.

“ಒಂದು ರೆಫೋರ್ಮ ಕೈಗೆ ಬಂದು ಹೋಯಿತು, ಈ ರೆಫೋರ್ಮ ಮಾತ್ರ ನಂದು” ಅಂದರು ಪಿಂಚಣಿ ಕಾಗದ ತೋರಿಸಿ. ಇದನ್ನು ಕನ್ನಡಕ್ಕೆ ಹೇಗೆ ತರ್ತೀರಿ ಹೇಳಿ? ಶ್ಲೇಷೆಯೇ ಸತ್ತುಹೋಗುತ್ತೆ.

ಅಚ್ಚಗನ್ನಡ_ಅಭಿ (ಹೆಲ್ಸಿಂಕಿ)

ಎಲ್ಲರೂ ಲ್ಯಾಟಿನ್ ಪದವನ್ನೇ ಹಂಚಿಕೊಂಡಿಲ್ಲ ಅನ್ನೋದನ್ನ ಮರೀಬೇಡಿ. ಫಿನ್ನಿಶ್‌ನಲ್ಲಿ ‘ಊದಿಸ್ತುಸ್’. ‘ಊಸಿ’ ಅಂದರೆ ಹೊಸದು, ಅದರಿಂದ ಕಟ್ಟಿದ್ದು, ಹೊಸದು ಮಾಡುವಿಕೆ. ಪಿಂಚಣಿದೂ ಊದಿಸ್ತುಸ್ಸೇ. ಲೂಥರನದಕ್ಕೆ ‘ನಂಬಿಕೆಯ ತೊಳೆಯುವಿಕೆ’ ಅನ್ನೋ ಹಳೇ ಪದ ಇತ್ತು. ಐಸ್‌ಲೆಂಡಿನವರದು ‘ಸಿದಸ್ಕಿಫ್ತಿ’, ನಡೆನಂಬಿಕೆಯ ಬದಲಾವಣೆ. ಗ್ರೀಕರದು ಎಲ್ಲಕ್ಕಿಂತ ಚಂದ, ‘ಮೆತಾರಿತ್ಮಿಸಿ’: ರಿದಮ್ ಅನ್ನೋದರ ಮೂಲಪದವೇ ಅದರ ಹೊಟ್ಟೆಯಲ್ಲಿದೆ. ಲಯ ಬದಲಿಸೋದು! ಹಂಗೇರಿಯವರು ತಮ್ಮ ನುಡಿಗೆ ಸಾವಿರಾರು ಹೊಸ ಪದ ಕಟ್ಟಿಕೊಂಡರು, ಆ ಕೆಲಸಕ್ಕೆ ಸ್ವಂತ ಪದ ಇಟ್ಟುಕೊಂಡು, ಅದೇ ಕಾಲಕ್ಕೆ ಮಾತ್ರ ‘ರೆಫೋರ್ಮ್‌ಕೋರ್’ ಅಂತ ಲ್ಯಾಟಿನ್ ಹೆಸರು ಕೊಟ್ಟರು, 1825ರಿಂದ 1848. ತಮಾಷೆ.

ನಮಗೂ ‘ಮಾರ್ಪಾಡು’ ಇದೆಯಲ್ಲ? ಹಳಗನ್ನಡದ ಮಾರ್ಪಡು. ಒಳ್ಳೇದು ಕೆಟ್ಟದ್ದು ಯಾವುದೂ ಹೇಳಲ್ಲ. ‘ಪಿಂಚಣಿ ಮಾರ್ಪಾಡು’. ಮುಗೀತು.

ನಿಷ್ಠುರ

ಮುಗೀಲಿಲ್ಲ. ಮಾರ್ಪಾಡು ಅಂದರೆ ಸಾರಿಗೆ ವೇಳಾಪಟ್ಟಿ ಬದಲಿಸಿದ ಹಾಗಿದೆ. ಜೀತ ಬಿಡಿಸಿದ್ದು ‘ಮಾರ್ಪಾಡು’ ಅಂದರೆ ವೋಲ್ಗಾ ಡಾಕ್ಟ್ರು ಒಪ್ಪುತ್ತಾರಾ? ನಿಮಗೆ ಪದಕ್ಕೆ ತೂಕ ಬೇಕು, ತೀರ್ಪು ಬೇಡ. ಅದು ಎರಡೂ ಒಟ್ಟಿಗೆ ಸಿಗೋದು ಕಷ್ಟ.

ಸ್ಪೇನಿನಲ್ಲಿ ಸರ್ವಾಧಿಕಾರಿ ಫ್ರಾಂಕೋ ಸತ್ತ ಮೇಲೆ ಇದೇ ಪದದ ಸುತ್ತ ರಾಜಕೀಯವೇ ನಡೀತು: ‘ರೆಫೋರ್ಮಾ’ನೋ ‘ರುಪ್ತೂರಾ’ನೋ? ಇದ್ದ ಕಾನೂನಿನ ಒಳಗಿಂದಲೇ ಬಿಚ್ಚೋದೋ, ಕಡಿದು ಹಾಕೋದೋ? ಫ್ರಾಂಕೋ ಕಾಲದ ಸಂಸತ್ತೇ ತನ್ನನ್ನು ತಾನು ಮುಗಿಸುವ ಕಾನೂನಿಗೆ ಮತ ಹಾಕಿತು. 1976ರ ಡಿಸೆಂಬರ್ 15ರಂದು ಜನಮತಗಣನೆ. ಅಲ್ಲಿ ‘ರೆಫೋರ್ಮಾ’ಕ್ಕೆ ಒಂದು ನಿಖರ ಅರ್ಥ ಇತ್ತು: ಕಡಿಯದೆ ಬದಲಿಸೋದು. ಮಾರ್ಪಾಡಿನಲ್ಲಿ ಅದು ಬರುತ್ತಾ?

ಅಚ್ಚಗನ್ನಡ_ಅಭಿ (ಹೆಲ್ಸಿಂಕಿ)

ಬಳಸಿದರೆ ಬರುತ್ತೆ. ‘ರೆಫೋರ್ಮಾ’ಕ್ಕೂ ಮೊದಲ ದಿನ ತೂಕ ಇರಲಿಲ್ಲ.

ಧಾರವಾಡದಾಕಿ

ನಿಷ್ಠುರ ಅವರು ಸ್ಪೇನಿನದು ಹೇಳಿದ್ರು, ಛಲೋ ಆತು. ಅದೇ ಭಾಷಾದ ಮೆಕ್ಸಿಕೋದಾಗ ‘ಲಾ ರೆಫೋರ್ಮಾ’ ಅಂದ್ರ ಅಧ್ಯಕ್ಷ ಬೆನಿತೊ ಹ್ವಾರೆಸ್‌ನ ಕಾಲ. ಚರ್ಚಿನ ಆಸ್ತಿ ಸರ್ಕಾರಕ್ಕ ತಗೊಂಡರು, 1859ಕ್ಕ. ಮೂರು ವರ್ಷ ಅಂತರ್ಯುದ್ಧ ಆತು, ಅದರ ಹೆಸರೂ ‘ರೆಫೋರ್ಮಾ ಯುದ್ಧ’. ರಾಜಧಾನಿಯ ದೊಡ್ಡ ರಸ್ತೆಗೆ ಆ ಹೆಸರದ. ಆದ್ರ ಆ ರಸ್ತಾ ಹಾಕಿಸಿದಾಂವ ಹ್ವಾರೆಸ್‌ನ ವೈರಿ, ಫ್ರೆಂಚರು ತಂದು ಕೂಡಿಸಿದ ಮ್ಯಾಕ್ಸಿಮಿಲಿಯನ್ ಅನ್ನೂ ಚಕ್ರವರ್ತಿ! ಮೊದಲಿಗೆ ಅದಕ್ಕ ಆಂವನ ಹೆಂಡತಿ ಮ್ಯಾಲೆ ‘ಚಕ್ರವರ್ತಿನಿಯ ದಾರಿ’ ಅಂತ ಹೆಸರಿತ್ತು. 1867ಕ್ಕ ಆಂವನ್ನ ಗುಂಡು ಹಾಕಿ ಕೊಂದರು, 1872ಕ್ಕ ಹ್ವಾರೆಸ್ ತೀರಿಕೊಂಡ ವರ್ಷ ರಸ್ತಾದ ಹೆಸರು ‘ರೆಫೋರ್ಮಾ’ ಆತು. ಕಲ್ಲು ಅದೇ, ಹೆಸರು ಮತ್ತೊಂದು.

ಇನ್ನ ಸುಧಾರಣೆ ಪದದ ಬಗ್ಗೆ ಒಂದು ಮಾತು. ಅದರ ಬೇರು ‘ಸು’ ಹೌದೋ ಅಲ್ಲೋ ಪಂಡಿತರು ನೋಡ್ಕೊಳ್ಳಿ, ನಮ್ಮ ಕಿವಿಗೆ ಅಂತೂ ‘ಸು’ ಕೇಳ್ತದ. ಆದ್ರ ನಮ್ಮ ಮನ್ಯಾಗ ಆ ಪದ ಹ್ಯಾಂಗ ಬದುಕೇದ ನೋಡ್ರಿ. “ಜಡ್ಡು ಈಗ ಸುಧಾರ್ಸೇದ.” “ನಾಲ್ಕು ಮಕ್ಕಳನ್ನ ಒಬ್ಬಾಕೀನೇ ಸುಧಾರಿಸ್ತಾಳ.” “ದೂರದಿಂದ ಬಂದೀರಿ, ಕೂತು ಸುಧಾರಿಸ್ಕೋರಿ.” ಇದರಾಗ ಯಾವುದರಾಗ ಸರ್ಕಾರ ಅದ?

ಗೋವೈದ್ಯ

ಸರಿಯಾಗಿ ಹಿಡಿದಿರಿ ಅಮ್ಮ. ನಾವೂ ದೂರದಿಂದ ಹೊಡ್ಕೊಂಡು ಬಂದ ದನಕ್ಕೆ ನೀರು ತೋರಿಸುವಾಗ “ಸ್ವಲ್ಪ ಸುಧಾರಿಸ್ಕೊಳ್ಳಲಿ ತಡಿ” ಅಂತೀವಿ. ಹಾಗಾದರೆ ಲಿಸ್ಬನ್ ಅಜ್ಜಿಯ ರೆಫೋರ್ಮಕ್ಕೆ ಕನ್ನಡ ಸಿಕ್ಕಿತಲ್ಲ. ಇಷ್ಟು ವರ್ಷ ಮೆಟ್ಟಿಲು ಒರೆಸಿದ್ದಾರೆ, ಈಗ ಸುಧಾರಿಸಿಕೊಳ್ತಾರೆ.

ತೇಜೋದಂಡೆ (ಲಿಸ್ಬನ್)

ಡಾಕ್ಟ್ರೇ, ಇದನ್ನು ಅಜ್ಜಿಯ ಮಾತಿಗೆ ಇಟ್ಟುಕೊಳ್ತೀನಿ. ಫ್ರಾನ್ಸಿನ ಲೇಖನಕ್ಕೆ ಹೊಂದೋದಿಲ್ಲ, ಅಲ್ಲಿ ಸುಧಾರಿಸಿಕೊಳ್ಳೋದನ್ನ ಎರಡು ವರ್ಷ ಮುಂದೂಡಿದ್ದೇ ಗಲಾಟೆ.

ಕೊನೆಗೆ ನಾನು ಮಾಡಿದ್ದು ಹೀಗೆ. ಸರ್ಕಾರದ ಬಾಯಲ್ಲಿ ಬಂದಾಗ ‘ಸುಧಾರಣೆ’ ಅಂತಲೇ ಇಟ್ಟೆ, ಯಾಕೆಂದರೆ ಅವರು ಹೇಳೋದೂ ಅದೇ ಅರ್ಥದಲ್ಲಿ. ಲೇಖಕರ ಸ್ವಂತ ಮಾತಿನಲ್ಲಿ ‘ಹೊಸ ಪಿಂಚಣಿ ಕಾಯ್ದೆ’. ಬೀದಿಯಲ್ಲಿ ನಿಂತವರ ಬಾಯಿಗೆ ಬರೀ ‘64’. ಅವರ ಭಿತ್ತಿಪತ್ರದಲ್ಲಿ ಇದ್ದದ್ದೂ ಬಹಳ ಕಡೆ ಆ ಅಂಕಿಯೇ. ಒಂದು ಪದಕ್ಕೆ ಮೂರು ಕನ್ನಡ. ನಿಷ್ಠುರ ಅವರಿಗೆ ಇದು ಹೊಂದಾಣಿಕೆ ಅನ್ನಿಸಬಹುದು.

ನಿಷ್ಠುರ

ಅನ್ನಿಸಿತು. ಆದರೂ ಓದುವಂತಿದೆ.

ತೇಜೋದಂಡೆ (ಲಿಸ್ಬನ್)

ಹತ್ತು ದಿನದ ಮೇಲೆ ಬರೀತಿದ್ದೇನೆ. ಲೇಖನ ಅಚ್ಚಾಯ್ತು. ಒಳಗೆ ನನ್ನ ಮೂರೂ ಪದ ಹಾಗೇ ಉಳಿದಿವೆ. ಶೀರ್ಷಿಕೆ ಮಾತ್ರ ಸಂಪಾದಕರು ಹಾಕಿದ್ದು: “ಪಿಂಚಣಿ ಸುಧಾರಣೆಗೆ ಫ್ರೆಂಚರ ವಿರೋಧವೇಕೆ?”

ಸಾಲುಮರ

😀 ರಸ್ತೆ ಅಗೆದಿದ್ದಾರೆ, ಬೇರೆ ದಾರಿ ಹಿಡೀರಿ ಮೇಡಂ.

ಕುಡ್ಲ_ಮಾಷ್ಟ್ರು

ಅದು ಬಿಡಿ. ಹ್ಯಾಂಬುರ್ಗಿನವರೇ, ಆ ರೆಫೋರ್ಮ್‌ಹೌಸಿನಲ್ಲಿ ಬರಗಿಗೆ ಎಷ್ಟು ಹೇಳ್ತಾರೆ? ನನ್ನ ಮಗಳು ಬ್ರೆಮೆನ್‌ಗೆ ಹೋಗುವವಳಿದ್ದಾಳೆ, ಇಲ್ಲಿಂದ ಹತ್ತು ಕಿಲೋ ಕಟ್ಟುದಾ ಬೇಡವಾ ಅಂತ ಮನೆಯಲ್ಲಿ ಚರ್ಚೆ.

ಬರಗು_ನವಣೆ (ಹ್ಯಾಂಬುರ್ಗ್)

ಮಾಷ್ಟ್ರೇ, ಬರಗು ಬೇಡ, ಇಲ್ಲಿ ಸಿಗುತ್ತೆ. ‘ಹಿರ್ಜೆ’ ಅಂತ ಕೇಳಲಿ. ಕುಚ್ಚಲಕ್ಕಿ ಕಟ್ಟಿ ಕಳಿಸಿ.